ಗಂಜಿ ಕುಡಿದ ಎಂಜಿನ್

ಹೊಳೆ ಕಡಲು ಸೇರುವ ಅಳಿವೆಯಲ್ಲಿ ನಮ್ಮ ದೋಣಿಯ ಎಂಜಿನ್ ಎಷ್ಟು ಹೊತ್ತು ನಿಂತಿತ್ತು ಎಂದು ಕೇಳಿದರೆ ನನ್ನ ಭಾವ, ಅಂದರೆ ಅಕ್ಕನ ಗಂಡ, ಐದು ನಿಮಿಷ ಎನ್ನುತ್ತಾರೆ. ಜೊತೆಗಿದ್ದ ಬೊಂಬಾಯಿ ಮಾವ ಮುಕ್ಕಾಲು ಗಂಟೆ ಎಂದು ಆಣೆ ಹಾಕುತ್ತಾರೆ. ತಡೆಗೋಡೆಯ ಕಲ್ಲುಗಳ ಮೇಲೆ ನಿಂತು ನೋಡುತ್ತಿದ್ದವರ ಅಂದಿನ ಲೆಕ್ಕದಲ್ಲಿ ಎಂಜಿನ್ ಕೆಟ್ಟೇ ಇರಲಿಲ್ಲ, ಕಡಲಿಗೆ ಕೈಮುಗಿಯಲು ನಾವೇ ನಿಲ್ಲಿಸಿದ್ದೆವು. ನನ್ನ ಮಟ್ಟಿಗೆ ಅದು ಇನ್ನೂ ಪೂರ್ತಿ ಚಾಲೂ ಆಗಿಲ್ಲ. ಬ್ರಹ್ಮಾವರದ ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜಿನ ನಳಿಕೆ ತೊಳೆಯುತ್ತಿರುವಾಗ ಹೊರಗೆ ಯಾವುದಾದರೂ ಸ್ಕೂಟರ್ ಎರಡು ಸಲ ಕೆಮ್ಮಿ ಸುಮ್ಮನಾದರೆ ಸಾಕು, ನನ್ನ ಕೈ ತಾನಾಗಿ ಮೇಜಿನ ಅಂಚನ್ನು ಹಿಡಿದುಕೊಳ್ಳುತ್ತದೆ. ಮೇಜು ಅಲುಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಬಿಡುತ್ತದೆ.

ನಾನು ರಸಾಯನಶಾಸ್ತ್ರದಲ್ಲಿ ಪದವಿ ಪಡೆದವನು, ಆ ಪ್ರಯೋಗಾಲಯದ ಸಹಾಯಕ. ನಮ್ಮ ಮನೆಗಳಲ್ಲಿ ಇಷ್ಟು ಓದಿದವನಿಗೆ ಗ್ಯಾಸಿನ ಒಲೆಯಿಂದ ಹಿಡಿದು ಬಿಪಿ ಮಾತ್ರೆಯ ತನಕ ಎಲ್ಲ ಗೊತ್ತಿರುತ್ತದೆ ಎಂದು ನಂಬುತ್ತಾರೆ. ಗಂಗೊಳ್ಳಿಯಲ್ಲಿರುವ ಭಾವನಿಗೆ ಆ ನಂಬಿಕೆ ಸ್ವಲ್ಪ ಹೆಚ್ಚೇ ಇತ್ತು. ಅವರದ್ದು ಒಂದು ಸಣ್ಣ ಡೀಸೆಲ್ ಎಂಜಿನಿನ ದೋಣಿ. ಮೀನು ಸಿಗದೆ ಬಂದ ದಿನವೂ ಡೀಸೆಲ್ ಖಾಲಿಯಾಗುತ್ತದೆ ಎಂಬುದು ಅವರ ಹಳೆಯ ಸಿಟ್ಟು. ಒಂದು ದಿನ ಮೊಬೈಲಿನಲ್ಲಿ ಯಾರೋ ಗಿಡದ ಬೀಜದಿಂದ ಲಾರಿ ಓಡಿಸುವುದನ್ನು ನೋಡಿ ನನಗೆ ಫೋನು ಮಾಡಿದರು.

"ಹ್ವಾಯ್ ವಿಜ್ಞಾನಿ, ಬೀಜದ್ ಎಣ್ಣೆಯಂಗೆ ಎಂಜಿನ್ ಓಡತ್ತ್ ಅಂಬುದ್ ಹೌದಾ?"

"ಓಡತ್ತ್ ಭಾವ," ಎಂದೆ. ಪುಸ್ತಕದಲ್ಲಿ ಹಾಗೆಯೇ ಇತ್ತು.

ಹೀಗೆ ಶುರುವಾಯಿತು. ಭಾವನ ತಾಯಿಯನ್ನು ನಾನು ಅತ್ತೆ ಎನ್ನುತ್ತೇನೆ. ತಾನು ಸಣ್ಣವಳಿದ್ದಾಗ ಮನೆಯಲ್ಲಿ ದೀಪಕ್ಕೆ ಹೊನ್ನೆ ಎಣ್ಣೆಯೇ ಆಗಿತ್ತು, ಕಡಲ ಬದಿಯಲ್ಲಿ ಹೊನ್ನೆ ಮರಗಳು ಬೇಕಾದಷ್ಟಿದ್ದವು ಎಂದು ಅವರು ಹೇಳಿದರು. ನಾನು ಮತ್ತು ಭಾವ ಸ್ಕೂಟರಿನಲ್ಲಿ ಎರಡು ಭಾನುವಾರ ಬೈಂದೂರಿನ ತನಕ ಗೋಣಿಚೀಲ ಹಿಡಿದು ಹೋದೆವು. ಬೇಕಾದಷ್ಟಿದ್ದ ಮರಗಳಲ್ಲಿ ಹೆಚ್ಚಿನವು ಹೆದ್ದಾರಿ ಅಗಲ ಮಾಡುವಾಗ ಹೋಗಿದ್ದವು. ಒಂದು ಒಳ್ಳೆಯ ಮರ ಉಳಿದದ್ದು ಪೆಟ್ರೋಲ್ ಬಂಕಿನ ಹಿಂದೆ. ಅದರ ಕಾಯಿಗಳು ಬಂಕಿನ ತಗಡಿನ ಮಾಡಿನ ಮೇಲೆ ಟಪ್ ಟಪ್ ಎಂದು ಬೀಳುತ್ತಿದ್ದವು. ಹೆಕ್ಕುತ್ತಿದ್ದಾಗ ಬಂಕಿನವನು ಬಂದು ಇದು ಎಂತಕ್ಕೆ ಎಂದು ಕೇಳಿದ.

"ಡೀಸೆಲ್ ಮಾಡೂಕೆ," ಎಂದರು ಭಾವ.

ಅವನು ಒಮ್ಮೆ ನಮ್ಮ ಗೋಣಿಯನ್ನು, ಒಮ್ಮೆ ತನ್ನ ಪಂಪನ್ನು ನೋಡಿದ. "ಒಳ್ಳೇದ್. ಮುಗ್ಸಿ ಗೇಟ್ ಹಾಕ್ಕಂಡ್ ಹೋಯ್ನಿ," ಎಂದು ಒಳಗೆ ಹೋದ.

ಒಣಗಿಸಿ, ಒಡೆದು, ಗಾಣಕ್ಕೆ ಕೊಟ್ಟು ತಂದಾಗ ಒಂದೂವರೆ ಬಾಟಲಿ ಎಣ್ಣೆ ಸಿಕ್ಕಿತು. ಬೀಜ ಹುಡುಕಲು ನಮ್ಮ ಸ್ಕೂಟರ್ ಕುಡಿದ ಪೆಟ್ರೋಲು ಅದಕ್ಕಿಂತ ಹೆಚ್ಚು. ಇದನ್ನು ನಾನು ಹೇಳಿದೆ. ಮರ ಕಡಿದು ರಸ್ತೆ ಮಾಡಿ, ಅದೇ ರಸ್ತೆಯಲ್ಲಿ ಪೆಟ್ರೋಲು ಸುಡುತ್ತ ಮರ ಹುಡುಕುವುದರಲ್ಲಿ ಏನೋ ತಪ್ಪಿದೆ ಎಂದೂ ಹೇಳಿದೆ. ಭಾವ ಒಪ್ಪಿದರು. ಆದರೆ ಬಿಡಲಿಲ್ಲ.

ಆಗ ಸಿಕ್ಕಿದವರು ಬೊಂಬಾಯಿ ಮಾವ. ಅವರು ಮೂವತ್ತು ವರ್ಷ ಮುಂಬೈಯಲ್ಲಿ ಕ್ಯಾಂಟೀನು ನಡೆಸಿ ಊರಿಗೆ ಬಂದು, ಈಗ ಸಾಲಿಗ್ರಾಮದಲ್ಲಿ ಸಂಬಂಧಿಕರ ಹೋಟೆಲಿನಲ್ಲಿ ಕುಳಿತು ಎಲ್ಲರಿಗೂ ಸಲಹೆ ಕೊಡುತ್ತಿದ್ದರು. ಊರಿಗೆಲ್ಲ ಅವರು ಮಾವ. ಹೋಟೆಲಿನಲ್ಲಿ ಗೋಳಿಬಜೆ, ಬನ್ಸು ಕರಿದು ಕಪ್ಪಾದ ಎಣ್ಣೆಯನ್ನು ಚೆಲ್ಲುವ ಬದಲು ಕೊಡುತ್ತೇನೆ ಎಂದರು. ಹೀಗೆ ಪ್ರತಿ ಶನಿವಾರ ಸಂಜೆ ನಾನು ಬ್ರಹ್ಮಾವರದಿಂದ ಗಂಗೊಳ್ಳಿಗೆ ಬರುವಾಗ ಸಾಲಿಗ್ರಾಮದಲ್ಲಿ ಇಳಿದು, ಕ್ಯಾನು ತೆಗೆದುಕೊಂಡು ಇನ್ನೊಂದು ಬಸ್ಸು ಹತ್ತುವ ಕೆಲಸ ಶುರುವಾಯಿತು.

"ಹ್ವಾಯ್, ಕ್ಯಾನಿನಂಗೆ ಎಂತ ಇತ್ತ್?" ಎಂದ ಮೊದಲ ದಿನವೇ ಕಂಡಕ್ಟರ್.

"ಎಣ್ಣೆ."

"ಡೀಸೆಲ್ ಆರೆ ಇಳೀರಿ. ಬಸ್ಸಿನಂಗೆ ತಕಂಡ್ ಬರೂಕಿಲ್ಲ."

"ಈಗ ಡೀಸೆಲ್ ಅಲ್ಲ. ಇನ್ನ್ ಡೀಸೆಲ್ ಆಗ್ಬೇಕಷ್ಟೆ."

ಅವನು ಸ್ವಲ್ಪ ಯೋಚಿಸಿದ. "ಹಂಗಾರೆ ಡೀಸೆಲ್ ಆಪುಕ್ ಮೊದ್ಲ್ ಇಳೀರಿ," ಎಂದು ಟಿಕೆಟು ಹರಿದುಕೊಟ್ಟ.

ಬಸ್ಸಿನಲ್ಲಿ ಆ ಕ್ಯಾನಿನ ವಾಸನೆಗೆ ಜನರಿಗೆ ಹಸಿವಾಗುತ್ತಿತ್ತು. ಹೆಮ್ಮಾಡಿಯಲ್ಲಿ ಬಸ್ಸು ನಿಂತಾಗ ಎಂದೂ ಇಳಿಯದವರು ಇಳಿದು ಬಜೆ ಕಟ್ಟಿಸಿಕೊಂಡು ಬರುತ್ತಿದ್ದರು. ಬಜೆ ಹೆಚ್ಚು ಖರ್ಚಾದರೆ ಕರಿದ ಎಣ್ಣೆಯೂ ಹೆಚ್ಚು ಸಿಗುತ್ತದಲ್ಲ ಎಂದು ಭಾವ ಖುಷಿಪಟ್ಟರು. ಆ ಖುಷಿಯಲ್ಲಿ ಮುಂದೆ ಬರಲಿರುವ ಅನಾಹುತದ ಒಂದು ಸಣ್ಣ ಎಳೆ ಇತ್ತು. ನಾನು ಗಮನಿಸಲಿಲ್ಲ.

ಹೋಟೆಲಿನ ಎಣ್ಣೆ ಸಾಲಲಿಲ್ಲ. ಭಾವ ತಮ್ಮ ಕೇರಿಯ ಮನೆಗಳಿಗೆ ಹೇಳಿದರು: ಒಂದು ಬಾಟಲಿ ಕರಿದ ಎಣ್ಣೆ ಕೊಟ್ಟರೆ ನಾಲ್ಕು ಬಂಗುಡೆ. ಮೊದಲ ವಾರ ಮೂರು ಬಾಟಲಿ ಬಂತು. ಮೂರನೆಯ ವಾರ ಹದಿನೇಳು. ಕೇರಿಯ ಎಲ್ಲ ಮನೆಗಳೂ ಇದ್ದಕ್ಕಿದ್ದಂತೆ ಸಂಡಿಗೆ, ಹಪ್ಪಳ, ಮೀನು ಕರಿಯತೊಡಗಿದ್ದವು. ಸಾರಿನಲ್ಲಿ ಕುದಿಯಬೇಕಾದ ಬಂಗುಡೆ ಎಣ್ಣೆಯಲ್ಲಿ ಮುಳುಗುತ್ತಿತ್ತು. ನಾವು ಕೊಟ್ಟ ಮೀನನ್ನು ಕರಿದು, ಆ ಎಣ್ಣೆ ಕೊಟ್ಟು, ಮತ್ತೆ ಮೀನು ತೆಗೆದುಕೊಂಡು ಅದನ್ನೂ ಕರಿಯುತ್ತಿದ್ದರು. ಒಬ್ಬರ ಬಾಟಲಿಯಲ್ಲಿ ಎಣ್ಣೆ ಅಂಗಡಿಯಿಂದ ಬಂದ ಹಾಗೆಯೇ ಹೊಳೆಯುತ್ತಿತ್ತು. ಅಡಿಯಲ್ಲಿ ಕರಿಬೇವಿನ ಒಂದು ಸುಟ್ಟ ಎಲೆ ಮಾತ್ರ ಇತ್ತು, ಸಾಕ್ಷಿಗೆ ಹಾಕಿದ ಹಾಗೆ.

ನಾನು ಕಾಗದದ ಮೇಲೆ ಒಂದು ವೃತ್ತ ಬರೆದು ಭಾವನಿಗೆ ತೋರಿಸಿದೆ. ದೋಣಿ ಓಡಲು ಎಣ್ಣೆ, ಎಣ್ಣೆಗೆ ಮೀನು, ಮೀನಿಗೆ ದೋಣಿ. "ಭಾವ, ಇದ್ರಂಗೆ ನಮ್ಗ್ ಎಂತ ಉಳಿತ್ತ್?" ಎಂದು ಕೇಳಿದೆ. ಭಾವ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. "ವಾಸ್ನಿ," ಎಂದರು.

ಎಣ್ಣೆಯನ್ನು ಡೀಸೆಲಿಗೆ ಹತ್ತಿರ ತರುವ ವಿಧಾನವೂ ನನಗೆ ಪಾಠದಲ್ಲಿ ಗೊತ್ತಿತ್ತು. ಪ್ರಯೋಗಾಲಯದಲ್ಲಿ ಎರಡು ಸಲ ಮಾಡಿ ನೋಡಿದೆ. ಎರಡು ಸಲವೂ ಸಾಬೂನಾಯಿತು. ಅತ್ತೆ ಅದರಲ್ಲಿ ಪಾತ್ರೆ ತೊಳೆದು ನೊರೆ ಒಳ್ಳೆಯದಿದೆ ಎಂದರು. ಕೊನೆಗೆ ಸುಲಭದ ದಾರಿ ಹಿಡಿದೆವು. ಹೋಟೆಲಿನ ಎಣ್ಣೆಯನ್ನು ಕುದಿಸಿ ನೀರಿನ ಅಂಶ ತೆಗೆಯುವುದು, ನಾಲ್ಕು ಪದರದ ಬಟ್ಟೆಯಲ್ಲಿ ಸೋಸುವುದು, ಎಂಜಿನನ್ನು ಡೀಸೆಲಿನಲ್ಲಿ ಚಾಲೂ ಮಾಡಿ ಬಿಸಿಯಾದ ಮೇಲೆ ಕೊಳವೆಯ ವಾಲ್ವಿನ ಕೀಲಿ ತಿರುಗಿಸಿ ಎಣ್ಣೆಗೆ ಬದಲಿಸುವುದು. ಬಂದರಿನ ದಕ್ಕೆಯಲ್ಲಿ ಕಟ್ಟಿದ ದೋಣಿಯಲ್ಲೇ ಪರೀಕ್ಷಿಸಿದೆವು. ಎಂಜಿನ್ ಓಡಿತು. ಹೊಗೆಗೆ ಗೋಳಿಬಜೆಯ ಪರಿಮಳವಿತ್ತು. ಎಲ್ಲಿಂದಲೋ ಆರು ನಾಯಿಗಳು ಬಂದು ಸಾಲಾಗಿ ಕುಳಿತವು.

ದಕ್ಕೆಯಲ್ಲಿ ಸುದ್ದಿಯಾಯಿತು. ಅಲ್ಲಿ ಎರಡು ದೊಡ್ಡ ದೋಣಿ ಇಟ್ಟುಕೊಂಡಿರುವ ಹಿರಿಯ ಯಜಮಾನರೊಬ್ಬರು ಬಂದು ಹೇಳಿದರು, "ಕಟ್ಟಿ ಹಾಕಿದ್ ದೋಣಿ ಓಡ್ಸೂದ್ ಎಂತ ದೊಡ್ಡ ಸಂಗ್ತಿ? ಅಳಿವಿ ದಾಟಿ ಹೋಯಿ ಬನ್ನಿ ಕಾಂಬ. ಬಂದ್ರೆ ನಂದೂ, ಉಳ್ದವ್ರದ್ದೂ ದೋಣಿಗೆ ಇದೇ ಎಣ್ಣೆ."

ಭಾವನಿಗೆ ಅದಕ್ಕಿಂತ ದೊಡ್ಡ ಮಾತು ಬೇಕಿರಲಿಲ್ಲ. ಯಜಮಾನರು ಷರತ್ತು ಹಾಕಿದರು. ಚಾಲೂ ಮಾಡಲು ಒಂದು ಬಾಟಲಿ ಡೀಸೆಲ್, ಅಷ್ಟೇ. ಬೇರೆ ಡೀಸೆಲ್ ದೋಣಿಯಲ್ಲಿ ಇರಬಾರದು. ನೋಡಿಕೊಳ್ಳಲು ಬೊಂಬಾಯಿ ಮಾವ ಸಾಕ್ಷಿಯಾಗಿ ಬರಬೇಕು. ನಾನೂ ಬರಬೇಕೆಂದು ಭಾವ ಹಟ ಹಿಡಿದರು, ವಿಜ್ಞಾನವೂ ದೋಣಿಯಲ್ಲಿ ಇರಲಿ ಎಂದು. ಜನವರಿಯ ಒಂದು ಭಾನುವಾರ, ಬೆಳಿಗ್ಗೆ ಆರೂವರೆ ಎಂದು ನಿಗದಿಯಾಯಿತು.

ಶನಿವಾರ ಸಂಜೆ ಭಾವನ ಮನೆಯ ಅಂಗಳದಲ್ಲಿ ಎಣ್ಣೆ ಸೋಸಿ ಹತ್ತು ಲೀಟರಿನ ನೀಲಿ ಕ್ಯಾನಿಗೆ ತುಂಬಿಸಿದೆ. ಅತ್ತೆ ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದರು.

"ಮಗಾ, ಇದ್ ಎಂಜಲ್ ಎಣ್ಣೆ ಅಲ್ದಾ?"

"ತಿಂದ್ ಬಿಟ್ಟದ್ದಲ್ಲ ಅತ್ತೆ, ಕರ್ದ್ ಬಿಟ್ಟದ್ದ್."

"ಯಾರ್ಯಾರಿಗೆ ಕರ್ದದ್ದೋ. ವರ್ಷಕ್ಕ್ ಒಂದ್ಸಲ ಪೂಜಿ ಮಾಡಿ, ಹೂಂಗಿನ ಮಾಲಿ ಹಾಕಿ ಬಿಡುವ ದೋಣಿ ಅದ್. ನಮ್ಮನ್ನೆಲ್ಲ ಸಾಕಿದ್ದ್. ಅದ್ರ ಬಾಯಿಗೆ ಎಂಜಲ್ ಹಾಕೂಕ್ ಆತ್ತಾ?"

"ಕುದ್ಸಿದ್ದೆ ಅತ್ತೆ. ಕುದ್ಸಿರೆ ಎಲ್ಲ ಶುದ್ಧ."

"ಓದಿದವ್ರ್ ನೀವ್," ಎಂದು ಅವರು ಎದ್ದು ಒಳಗೆ ಹೋದರು. ಅತ್ತೆ ಮಾತಿಗೆ ಮಾತು ಬೆಳೆಸದೆ ಎದ್ದು ಹೋದರೆ ಹೆದರಬೇಕು ಎಂದು ಅಕ್ಕ ಎಷ್ಟೋ ಸಲ ಹೇಳಿದ್ದಳು. ನಾನು ಕೈ ತೊಳೆದು ಊಟಕ್ಕೆ ಕುಳಿತೆ.

ಬೆಳಿಗ್ಗೆ ಒಳ್ಳೆಯ ಚಳಿಯಿತ್ತು. ನಮ್ಮ ಕಡೆಯ ಚಳಿ ಎಂದರೆ ಹೆಚ್ಚೇನಲ್ಲ, ಅಂಗಳದಲ್ಲಿ ನಿಂತರೆ ಭುಜಕ್ಕೆ ಟವೆಲಿನಂಥ ಒಂದು ಬೈರಾಸು ಬೇಕೆನಿಸುವಷ್ಟು. ಬಚ್ಚಲಿನಲ್ಲಿ ಒಡೆದ ತುಟಿಗೆ ಹಚ್ಚಲು ತೆಂಗಿನೆಣ್ಣೆಯ ಬಾಟಲಿ ತೆಗೆದರೆ ಎಣ್ಣೆ ಬಿಳಿಯಾಗಿ ಗಟ್ಟಿಯಾಗಿತ್ತು. ಬಚ್ಚಲ ಒಲೆಯ ಮುಂದೆ ಹಿಡಿದು ಕರಗಿಸಿಕೊಂಡೆ. ಇದನ್ನು ನಾನು ಹುಟ್ಟಿದಾಗಿನಿಂದ ಪ್ರತಿ ಚಳಿಗಾಲ ಮಾಡಿದ್ದೇನೆ. ನಮ್ಮೂರಿನಲ್ಲಿ ಎಲ್ಲರೂ ಮಾಡುತ್ತಾರೆ. ಕೈ ಮಾಡುತ್ತದೆ, ತಲೆಗೆ ಗೊತ್ತಾಗುವುದೇ ಇಲ್ಲ.

ಆಮೇಲೆ ಅಂಗಳಕ್ಕೆ ಬಂದು ಕ್ಯಾನು ಎತ್ತಿದೆ. ಇಲ್ಲಿಂದ ಮುಂದಿನದ್ದು ನನ್ನ ತಲೆಯಲ್ಲಿ ಮತ್ತೆ ಮತ್ತೆ ಓಡುವ ಭಾಗ. ಎತ್ತಿದಾಗ ಒಳಗೆ ಏನೂ ಕುಲುಕಲಿಲ್ಲ. ಬಾಯಿಯ ತನಕ ತುಂಬಿದ್ದೇನಲ್ಲ, ಅದಕ್ಕೇ ಎಂದುಕೊಂಡೆ. ಮುಚ್ಚಳದ ಹತ್ತಿರ ಮೂಗು ತಂದಾಗ ಬಜೆಯ ವಾಸನೆ ಇರಲಿಲ್ಲ. ಹೊಸದಾಗಿ ಗಾಣದಿಂದ ಬಂದ ತೆಂಗಿನೆಣ್ಣೆಯ, ಅಮ್ಮ ತಲೆಗೆ ಹಚ್ಚಿದಾಗಿನ ಪರಿಮಳ. ಒಂದು ಕ್ಷಣ ನಿಂತೆ. ಆ ಕ್ಷಣದಲ್ಲಿ ನನಗೆ ಅನಿಸಿದ್ದು ಇಷ್ಟು: ಆಹಾ, ನಾನು ಎಷ್ಟು ಚೆನ್ನಾಗಿ ಸೋಸಿದ್ದೇನೆ.

ಅತ್ತೆ ಬಿಸಿ ಹಿಡಿಯುವ ದೊಡ್ಡ ಡಬ್ಬಿಯಲ್ಲಿ ಕುಚ್ಚಲಕ್ಕಿ ಗಂಜಿ ಹಾಕಿ, ಮೇಲೆ ಮಿಡಿ ಉಪ್ಪಿನಕಾಯಿಯ ಸಣ್ಣ ಕರಡಿಗೆ ಇಟ್ಟು ಕೊಟ್ಟರು. "ಹಸ್ದ್ ಹೊಟ್ಟಿಯಂಗೆ ಅಳಿವಿ ದಾಟ್ಬೇಡಿ," ಎಂದರು. ನನ್ನ ಮುಖ ನೋಡಲಿಲ್ಲ.

ದಕ್ಕೆಯಲ್ಲಿ ಯಜಮಾನರು ಪರೀಕ್ಷೆಯ ಕೊಠಡಿಯ ಮೇಲ್ವಿಚಾರಕರಂತೆ ದೋಣಿಯನ್ನು ತಪಾಸಣೆ ಮಾಡಿದರು. ಹಲಗೆಯ ಅಡಿಯಲ್ಲಿ ಕೈ ಹಾಕಿ ನೋಡಿದರು. ನನ್ನ ನೀರಿನ ಬಾಟಲಿ ಮೂಸಿದರು. ಭಾವ ತಮ್ಮ ಕಡೆಯಿಂದ ಇನ್ನೊಂದು ತಯಾರಿ ಮಾಡಿಕೊಂಡಿದ್ದರು. ದೋಣಿ ಹಗುರವಾಗಿ, ಚುರುಕಾಗಿ ಓಡಿದಂತೆ ಕಾಣಲಿ ಎಂದು ಲಂಗರನ್ನು ತೆಗೆದು ಮನೆಯಲ್ಲಿಟ್ಟು ಬಂದಿದ್ದರು. ಬೊಂಬಾಯಿ ಮಾವ ಮಾತ್ರ ಸಾಲಿಗ್ರಾಮದಿಂದಲೇ ಲೈಫ್ ಜಾಕೆಟ್ ಹಾಕಿಕೊಂಡು ಬಸ್ಸಿನಲ್ಲಿ ಬಂದಿದ್ದರು. ದೋಣಿಯಲ್ಲಿದ್ದ ಜಾಕೆಟ್ ಅದೊಂದೇ.

ಎಂಜಿನ್ ಬಾಟಲಿಯ ಡೀಸೆಲಿನಲ್ಲಿ ಚಾಲೂ ಆಯಿತು. ಹೊಳೆಯ ಮೇಲೆ ತೆಳ್ಳಗೆ ಮಂಜಿತ್ತು. ಯಜಮಾನರೂ ಇನ್ನು ಹತ್ತು ಹದಿನೈದು ಮಂದಿಯೂ ಬೈಕುಗಳಲ್ಲಿ ತಡೆಗೋಡೆಯ ತುದಿಗೆ ಹೋಗಿ ಕಲ್ಲುಗಳ ಮೇಲೆ ನಿಂತರು. ಗಂಗೊಳ್ಳಿಯಲ್ಲಿ ಐದು ಹೊಳೆಗಳ ನೀರು ಒಂದೇ ಬಾಯಿಂದ ಕಡಲಿಗೆ ಹೋಗುತ್ತದೆ. ಆ ಬಾಯಿಯೇ ಅಳಿವೆ. ಇಳಿತದ ಹೊತ್ತಿಗೆ ಹೊಳೆ ಹೊರಗೆ ತಳ್ಳುತ್ತದೆ, ಕಡಲು ಒಳಗೆ ನುಗ್ಗುತ್ತದೆ, ಎರಡೂ ತಾಗುವಲ್ಲಿ ಶಾಂತ ದಿನಗಳಲ್ಲೂ ತೆರೆ ಎದ್ದು ಒಡೆಯುತ್ತದೆ. ಎಂಜಿನ್ ಇದ್ದರೆ ಅದೊಂದು ಕುಲುಕಾಟ, ಅಷ್ಟೇ. ನಾವು ಹೋದದ್ದು ಇಳಿತದಲ್ಲಿ.

ಅಳಿವೆ ಹತ್ತಿರವಾದಾಗ ಬಾಟಲಿ ಖಾಲಿಯಾಗುತ್ತ ಬಂದಿತ್ತು. ಭಾವ ತಡೆಗೋಡೆಯ ಕಡೆ ಒಂದು ಸಲ ಕೈ ಎತ್ತಿ, ಎಲ್ಲರಿಗೂ ಕಾಣುವ ಹಾಗೆ ಕೀಲಿ ತಿರುಗಿಸಿದರು. ಎಂಜಿನ್ ಓಡಿತು. ಆಚೆಯಿಂದ ಸಿಳ್ಳೆ ಕೇಳಿಸಿತು. ಕೊಳವೆಯಲ್ಲಿ ಉಳಿದಿದ್ದ ಡೀಸೆಲನ್ನು ಕುಡಿದು ಮುಗಿಸಿ, ಮೊದಲ ದೊಡ್ಡ ತೆರೆ ದೋಣಿಯ ಮೂತಿಯನ್ನು ಎತ್ತಿದಾಗ, ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಅಷ್ಟು ನಿಶ್ಶಬ್ದವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನೀರಿನ ಸದ್ದು ಆಮೇಲೆ ಬಂತು.

"ಎಂತ ಆಯ್ತಾ?" ಎಂದರು ಭಾವ. ಹಿಡಿಕೆ ಹಾಕಿ ತಿರುಗಿಸಿದರು. ಮತ್ತೆ ತಿರುಗಿಸಿದರು. ದೋಣಿ ಮೆಲ್ಲಗೆ ಅಡ್ಡ ತಿರುಗತೊಡಗಿತು. ಅಡ್ಡ ತಿರುಗಿದ ದೋಣಿಗೆ ತೆರೆ ಪಕ್ಕದಿಂದ ಹೊಡೆದರೆ ಏನಾಗುತ್ತದೆ ಎಂದು ಅವರ ಮುಖ ನೋಡಿಯೇ ನನಗೆ ಗೊತ್ತಾಯಿತು. ಅವರು ಹಿಡಿಕೆ ಬಿಟ್ಟು ಹುಟ್ಟು ಹಿಡಿದು ಹಿಂದೆ ಹೋದರು. "ಮೂತಿ ತೆರೆಗ್ ಹಿಡೀತೆ. ನೀನ್ ಪೈಪ್ ಬಿಚ್ಚ್. ಬೇಗ!"

ಕೊಳವೆ ಬಿಚ್ಚಿದೆ. ಒಂದು ಹನಿಯೂ ಬೀಳಲಿಲ್ಲ. ಕ್ಯಾನಿನ ಮುಚ್ಚಳ ತೆಗೆದು ಒಳಗೆ ನೋಡಿದೆ. ಬೆಳ್ಳಗೆ, ನುಣ್ಣಗೆ, ಒಂದು ದೊಡ್ಡ ನೀಲಿ ಅಚ್ಚಿನಲ್ಲಿ ಹುಯ್ದಿಟ್ಟ ಹಾಗೆ ಹತ್ತು ಲೀಟರ್ ತೆಂಗಿನೆಣ್ಣೆ ಕುಳಿತಿತ್ತು.

ಬೊಂಬಾಯಿ ಮಾವ ಬೆರಳು ಹಾಕಿ ಒಂದು ಚೂರು ತೆಗೆದು ನಾಲಿಗೆಗೆ ಇಟ್ಟುಕೊಂಡರು. ಆ ಹೊತ್ತಿನಲ್ಲಿ. "ಅರೇ ಬಾಬಾ, ಇದ್ ನಮ್ಮ್ ಹೋಟ್ಲಿನ್ ಎಣ್ಣೆ ಅಲ್ಲ," ಎಂದರು. "ಒಳ್ಳೆ ಮನಿ ಎಣ್ಣೆ. ಕೊಬ್ರಿ ಲಾಯ್ಕ್ ಒಣ್ಗ್ಸಿ ಮಾಡಿದ್ದ್."

"ಮಾವ, ಅವ್ರನ್ನ್ ಕರೀರಿ!"

ಅವರು ಎದ್ದು ನಿಂತು ಬೈರಾಸನ್ನು ಬೀಸಿದರು. ತಡೆಗೋಡೆಯವರೂ ಬೈರಾಸು ಬೀಸಿದರು. ಭಾವ ಕೂಗಿದರು. ಬೆಳಗಿನ ಗಾಳಿ ನೆಲದ ಕಡೆಯಿಂದ ಕಡಲಿಗೆ ಬೀಸುತ್ತದೆ, ಕೂಗನ್ನು ಅದು ಅರಬರ ದೇಶಕ್ಕೆ ಕೊಂಡೊಯ್ಯಿತು. ಮಾವ ಎರಡೂ ಕೈ ತಲೆಯ ಮೇಲೆ ಜೋಡಿಸಿ ಬೇಡಿಕೊಂಡರು. ಅದನ್ನು ನೋಡಿ ತಡೆಗೋಡೆಯ ಮೇಲಿದ್ದವರು ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟರು. ಹದಿನೈದು ಮಂದಿಯೂ ಕಡಲಿಗೆ ಕೈಮುಗಿದು, ಕಣ್ಣು ಮುಚ್ಚಿ ನಿಂತರು. ನಮ್ಮ ಕಡೆ ಒಬ್ಬರೂ ನೋಡುತ್ತಿರಲಿಲ್ಲ.

ಎರಡನೆಯ ತೆರೆ ಅಂಚಿನ ಮೇಲಿಂದ ಒಳಗೆ ಬಂತು. ಕಣಕಾಲಿನ ತನಕ ನೀರು. ತಡೆಗೋಡೆಯ ಕಲ್ಲುಗಳು, ಆಗ ತಾನೆ ದೂರವಿದ್ದವು, ಈಗ ಅವುಗಳ ಮೇಲೆ ಅಂಟಿದ್ದ ಚಿಪ್ಪುಗಳನ್ನು ಎಣಿಸಬಹುದಿತ್ತು. ನಾನು ಕೊಳವೆಯನ್ನು ಅಂಗೈಯಲ್ಲಿ ತಿಕ್ಕುತ್ತಿದ್ದೆ. ಮೈ ಬಿಸಿಗೆ ಎಣ್ಣೆ ಕರಗುತ್ತದೆ ಎಂದು ಕೂಗಿದೆ. ಮಾವ ಜಾಕೆಟು ಬಿಚ್ಚಿ, ಅಂಗಿಯ ಗುಂಡಿ ಬಿಚ್ಚಿ, ಕೊಳವೆಯ ಇನ್ನೊಂದು ತುದಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಕ್ಯಾನನ್ನು ಮೊಮ್ಮಗುವಿನ ಹಾಗೆ ಅಪ್ಪಿಕೊಂಡು ಕುಳಿತರು. ಹತ್ತು ಲೀಟರ್ ತೆಂಗಿನೆಣ್ಣೆಯನ್ನು ಒಬ್ಬ ಮನುಷ್ಯನ ಎದೆಯ ಬಿಸಿಯಲ್ಲಿ ಕರಗಿಸಲು ಎಷ್ಟು ಹೊತ್ತು ಬೇಕು ಎಂದು ನಾನು ನಿಜವಾಗಿಯೂ ಲೆಕ್ಕ ಹಾಕತೊಡಗಿದ್ದೆ. ಓದಿನ ಫಲ.

ಆಗ ಮಾವ, "ನಾನ್ ಹಸ್ದ್ ಹೊಟ್ಟಿಯಂಗೆ ಸಾಯೂದಿಲ್ಲ," ಎಂದು ಒಂದು ಕೈಯಲ್ಲಿ ಗಂಜಿಯ ಡಬ್ಬಿ ತೆರೆದರು.

ಹಬೆ ಎದ್ದಿತು. ಬಿಳಿಯ, ದಪ್ಪ ಹಬೆ.

"ಮಾವ, ಗಂಜಿ ಕೊಡಿ!"

"ಒಂದ್ ಬಾಯಿ ಉಂಬೆ. ಕಡಿಗ್ ಕೊಡ್ತೆ."

"ಉಂಬುಕಲ್ಲ! ಎಂಜಿನಿಗೆ!"

ಅವರು ಡಬ್ಬಿಯನ್ನು ಎದೆಗೆ ಒತ್ತಿಕೊಂಡರು. ಅವರ ಕಣ್ಣಿನಲ್ಲಿ ನನಗೆ ಹುಚ್ಚು ಹಿಡಿದಿತ್ತು. ಹಿಂದಿನಿಂದ ಭಾವ ಹುಟ್ಟು ಒತ್ತುತ್ತಲೇ ಗರ್ಜಿಸಿದರು, "ಕೊಡ್ರಾ ಮಾರಾಯ್ರೆ! ಬದ್ಕಿರೆ ವರ್ಷಿಡೀ ಗಂಜಿ ಉಂಬುಲಕ್ಕ್!"

ಅರ್ಧ ಗಂಜಿಯನ್ನು ಕೊಳವೆ ಮತ್ತು ಸೋಸುಕದ ಮೇಲೆ ಸುರಿದೆ. ಬೈರಾಸನ್ನು ಗಂಜಿಯಲ್ಲಿ ಅದ್ದಿ ಸುತ್ತಿದೆ. ಕ್ಯಾನಿನಿಂದ ಎಣ್ಣೆಯನ್ನು ಕೈಯಲ್ಲೇ ಕೆರೆದು ಸ್ಟೀಲ್ ಲೋಟಕ್ಕೆ ತುಂಬಿ, ಲೋಟವನ್ನು ಉಳಿದ ಗಂಜಿಯಲ್ಲಿ ಮುಳುಗಿಸಿ ಹಿಡಿದೆ. ಬೆರಳು ಬೆಂದವು. ಎಣ್ಣೆ ಅಂಚಿನಿಂದ ಕರಗಿ ಹೊಳೆಯತೊಡಗಿತು. ಖಾಲಿಯಾಗಿದ್ದ ಡೀಸೆ‌ಲ್ ಬಾಟಲಿಗೆ ಅದನ್ನು ಸುರಿದು, ಮಾವನ ಕೈಗೆ ಕೊಟ್ಟು ಮೇಲೆತ್ತಿ ಹಿಡಿಯಲು ಹೇಳಿದೆ. ಕೊಳವೆ ಮತ್ತೆ ಸಿಕ್ಕಿಸಿ, ಕೀಲಿಯನ್ನು ಬಾಟಲಿಯ ಕಡೆಗೆ ತಿರುಗಿಸಿದೆ. ಹಿಡಿಕೆ ತಿರುಗಿಸುವ ಬಲ ಭಾವನಿಗೆ ಮಾತ್ರ ಇದ್ದದ್ದರಿಂದ ಹುಟ್ಟು ನನ್ನ ಕೈಗೆ ಬಂತು. ನಾನು ಹುಟ್ಟು ಹಿಡಿದದ್ದು ಅದೇ ಮೊದಲು. ಭಾವ ಹಿಡಿಕೆ ತಿರುಗಿಸಿದರು. ಒಂದು ಸಲ. ಎರಡು ಸಲ. ಕಲ್ಲಿಗೆ ನನ್ನ ಹುಟ್ಟು ತಾಗಿ ಕೈ ಜುಮ್ಮೆಂದಿತು. ಮೂರನೆಯ ಸಲಕ್ಕೆ ಎಂಜಿನ್ ಬಿಳಿ ಹೊಗೆ ಉಗುಳಿ ಎದ್ದಿತು.

ಕೈಮುಗಿದವರು ಕಣ್ಣು ತೆರೆಯುವ ಮೊದಲೇ ಭಾವ ದೋಣಿಯನ್ನು ದಕ್ಕೆಯ ಕಡೆ ತಿರುಗಿಸಿದ್ದರು. ಹಿಂತಿರುಗುವಾಗ ಇಡೀ ದಾರಿ ನಾನು ಲೋಟದಲ್ಲಿ ಎಣ್ಣೆ ಕರಗಿಸಿದೆ, ಮಾವ ಬಾಟಲಿ ಎತ್ತಿ ಹಿಡಿದರು, ಗಂಜಿ ಆರುತ್ತ ಬಂತು. ಗಂಜಿ ಆರುವ ಮೊದಲು ದಕ್ಕೆ ಸಿಗಬೇಕು ಎಂದು ಮೂವರೂ ಡಬ್ಬಿಯನ್ನೇ ನೋಡುತ್ತಿದ್ದೆವು. ಪಕ್ಕದಲ್ಲೇ ಎಂಜಿನ್ ಕೈ ಇಡಲಾಗದಷ್ಟು ಬಿಸಿಯಿತ್ತು. ಲೋಟವನ್ನು ಅದರ ಮೇಲೆ ಇಟ್ಟಿದ್ದರೆ ಆಗುತ್ತಿತ್ತು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೆ ಹೊಳೆದದ್ದು ಮರುದಿನ, ಬಸ್ಸಿನಲ್ಲಿ, ಕೋಟದ ಹತ್ತಿರ.

ದಕ್ಕೆಯಲ್ಲಿ ಚಪ್ಪಾಳೆ. ಯಜಮಾನರು ಭಾವನ ಬೆನ್ನು ತಟ್ಟಿದರು. "ಪಾಸ್! ಕೈಮುಗ್ದ್ ಬಂದದ್ದ್ ಭಾರೀ ಒಳ್ಳೇದಾಯ್ತ್. ಈಗಿನವ್ರಿಗೆ ಅದೆಲ್ಲ ಎಲ್ಲಿತ್ತ್?" ಎಂದರು. ಭಾವ ಏನೋ ಹೇಳಲು ಬಾಯಿ ತೆರೆದು ನನ್ನ ಕಡೆ ನೋಡಿದರು. ವಿಜ್ಞಾನ ಮಾತಾಡಲಿ ಎಂಬಂತೆ. ನಾನು ಗಂಜಿ ಮೆತ್ತಿದ ಕೈಯನ್ನು ಹಿಂದೆ ಕಟ್ಟಿಕೊಂಡೆ. ಹಲ್ಲು ಕಟಕಟ ಎನ್ನುತ್ತಿದ್ದವು. ನಗುತ್ತಿದ್ದೇನೆಂದು ಅವರು ತಿಳಿದಿರಬೇಕು.

ಮನೆಯಲ್ಲಿ ಅತ್ತೆ ನಮ್ಮ ಒದ್ದೆ ಬಟ್ಟೆ ನೋಡಿ ತಾವಾಗಿಯೇ ಹೇಳಿದರು. ಶನಿವಾರ ನಾವು ಊಟಕ್ಕೆ ಕುಳಿತಾಗ ಅಂಗಳಕ್ಕೆ ಹೋಗಿ, ಕ್ಯಾನಿನ ಎಣ್ಣೆಯನ್ನು ಹಿತ್ತಲ ಹಂಡೆಗೆ ಸುರಿದು, ಸಾಬೂನು ಹಾಕಿ ತೊಳೆದು, ಒರೆಸಿ, ಮನೆಯ ಹೊಸ ಎಣ್ಣೆ ತುಂಬಿಸಿದ್ದರು. ತೊಳೆದದ್ದು ನನ್ನ ಸಾಬೂನಿನಲ್ಲಿ. ಹಿತ್ತಲಿನ ಮರಗಳ ನೂರು ತೆಂಗಿನಕಾಯಿಯ ಎಣ್ಣೆ, ಇಡೀ ವರ್ಷಕ್ಕೆಂದು ಮಾಡಿಸಿಟ್ಟದ್ದು.

"ಡೀಸೆಲ್ ಇಲ್ದೆ ಮೊದ್ಲ್ ಸಲ ಅಳಿವಿ ದಾಟುಕೆ ಒಳ್ಳೇದ್ ಹಾಕ್ವ ಅಂದ್ಹೇಳಿ ಹಾಕ್ದೆ. ದೋಣಿ ನನ್ನ್ ಕೈ ಬಿಡ್ಲಿಲ್ಲ ಕಾಣ್," ಎಂದು ಅತ್ತುಬಿಟ್ಟರು. ಅವರನ್ನು ಬಯ್ಯುವ ಹಾಗೂ ಇರಲಿಲ್ಲ. ಕೊಂದವರೂ ಅವರೇ, ಗಂಜಿ ಕೊಟ್ಟು ಉಳಿಸಿದವರೂ ಅವರೇ ಆಗುತ್ತಿದ್ದರು.

ಭಾವ ತಲೆ ಒರೆಸಿಕೊಳ್ಳುತ್ತ ನನ್ನನ್ನು ಕೇಳಿದರು. "ಬೆಳಿಗ್ಗೆ ಕ್ಯಾನ್ ನೀನೇ ಅಲ್ದಾ ತಂದದ್ದ್? ನಿಂಗ್ ವಾಸ್ನಿ ಬರ್ಲಿಲ್ಯಾ?"

"ಇಲ್ಲ," ಎಂದೆ.

ಆ ಒಂದು ಮಾತಿನಿಂದ ನಾಲ್ಕು ದಿನ ಸರಿಯಾಗಿ ಊಟ ಸೇರಲಿಲ್ಲ. ಗುರುವಾರ ಮಧ್ಯಾಹ್ನ ಪ್ರಯೋಗಾಲಯದ ಬಾಗಿಲಲ್ಲಿ ದಕ್ಕೆಯ ಯಜಮಾನರು ನಿಂತಿದ್ದರು. ಕೈಯಲ್ಲಿ ಒಂದು ಕ್ಯಾನು. ಗಂಗೊಳ್ಳಿಯಿಂದ ಬ್ರಹ್ಮಾವರದ ತನಕ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದರು.

"ಒಂಚೂರ್ ಸೋಸಿ ಕೊಡಿ. ಆಯ್ತಾರ ಹೊತ್ತಾರೆ ನಮ್ದೂ ದೋಣಿ ಬಿಡುದ್. ಮಕ್ಳಿಬ್ರೂ ಹೋತ್ರ್," ಎಂದರು. ದೋಣಿಗೆ ತೆಂಗಿನೆಣ್ಣೆ ಬಿದ್ದದ್ದರಿಂದಲೇ ಅಷ್ಟು ಚೆನ್ನಾಗಿ ಓಡಿತು ಎಂದು ಕೇರಿಯಲ್ಲಿ ಆಗಲೇ ಮಾತಾಗಿತ್ತಂತೆ. ನಾನು ಮುಚ್ಚಳ ತೆರೆದೆ. ಮಧ್ಯಾಹ್ನದ ಬಿಸಿಗೆ ಎಣ್ಣೆ ನೀರಿನ ಹಾಗೆ ತೆಳ್ಳಗಿತ್ತು. ಅದೇ ಪರಿಮಳ. ಮೇಜಿನ ಅಂಚು ಹಿಡಿದುಕೊಂಡೆ.

ರಜೆ ಬರೆದಿಟ್ಟು ಅವರ ಜೊತೆಯಲ್ಲೇ ಬಸ್ಸು ಹತ್ತಿದೆ. ಸಾಲಿಗ್ರಾಮದಲ್ಲಿ ಬೊಂಬಾಯಿ ಮಾವನನ್ನೂ ಹತ್ತಿಸಿಕೊಂಡೆ. ಸಂಜೆ ದಕ್ಕೆಯಲ್ಲಿ ಭಾವನ ಎದುರು, ಇನ್ನೂ ಏಳೆಂಟು ದೋಣಿಯವರ ಎದುರು ಎಲ್ಲ ಹೇಳಿದೆ. ಎಂಜಿನ್ ನಿಂತದ್ದು, ಕಂಕುಳು, ಗಂಜಿ, ಹುಟ್ಟಿಗೆ ಕಲ್ಲು ತಾಗಿದ್ದು. ಯಜಮಾನರು ತಮ್ಮ ಕ್ಯಾನನ್ನು ನಿಧಾನವಾಗಿ ಕೆಳಗಿಟ್ಟರು. "ಅಂದ್ರೆ ನಾವ್ ಅಲ್ಲಿ ಕಣ್ಣ್ ಮುಚ್ಚಿ ನಿಂತಾಗ..." ಎಂದು ತಡೆಗೋಡೆಯ ಕಡೆ ನೋಡಿದರು. ಕೊನೆಗೆ ನಾನು ಭಾವನ ಕಡೆ ತಿರುಗಿ, "ಭಾವ, ನಾನ್ ಸುಳ್ಳ್ ಹೇಳಿದ್ದೆ. ನಂಗ್ ವಾಸ್ನಿ ಬಂದಿತ್ತ್. ಕ್ಯಾನ್ ಕುಲ್ಕಲಿಲ್ಲ ಅಂಬುದೂ ಗೊತ್ತಾಯ್ತ್. ಲಾಯ್ಕ್ ಸೋಸಿದ್ದೆ ಅಂದ್ಕಂಡೆ," ಎಂದೆ.

ಭಾವ ಬಲೆಯ ಗಂಟು ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ. "ನಂಗೂ ಬಂದಿತ್ತ್," ಎಂದರು. "ವಿಜ್ಞಾನ ಮಾಡಿರೆ ಹೀಂಗೇ ಪರ್ಮಳ ಬತ್ತೋ ಏನೋ ಅಂದ್ಕಂಡೆ. ನಾಲ್ಕ್ ದಿನದಿಂದ ಅಮ್ಮನ್ ಮೊಕ ಕಾಣೂಕ್ ಆತಿಲ್ಲ."

"ನಂಗೂ ಬಂದಿತ್ತ್," ಎಂದರು ಬೊಂಬಾಯಿ ಮಾವ. "ನಿನ್ ತಲಿ ಎಣ್ಣೆ ಅಂದ್ಕಂಡೆ. ಪ್ರಾಯದವ, ಹುಡ್ಗಿ ಕಾಂಬುಕ್ ಹೊರ್ಟಿದ್ನೋ ಏನೋ ಅಂದ್ಕಂಡ್ ಸುಮ್ನಿದ್ದೆ."

ಯಾರೋ ನಕ್ಕರು. ಆಮೇಲೆ ಎಲ್ಲರೂ. ನನಗೂ ನಗು ಬಂತು, ನಿಲ್ಲಲಿಲ್ಲ, ಕೊನೆಗೆ ಭಾವ ಎದ್ದು ಬಂದು ಬೆನ್ನ ಮೇಲೆ ಕೈ ಇಟ್ಟರು.

ಯಜಮಾನರು ಎಣ್ಣೆಯನ್ನು ಮನೆಗೆ ವಾಪಸು ಕೊಂಡೊಯ್ದರು. ಅವರ ದೋಣಿಗಳು ಡೀಸೆಲಿನಲ್ಲೇ ಓಡುತ್ತಿವೆ. ಮೀನಿಗೆ ಎಣ್ಣೆಯ ವ್ಯವಹಾರ ನಿಂತು, ಕೇರಿಯಲ್ಲಿ ಬಂಗುಡೆ ಮತ್ತೆ ಸಾರಿಗೆ ಬಿದ್ದಿದೆ. ಒಂದು ಊರು ತಿನ್ನುವಷ್ಟು ಬಜೆಯಿಂದ ಆ ಊರಿನ ದೋಣಿಗಳೆಲ್ಲ ಓಡಲಾರವು, ಓಡಲೇಬೇಕೆಂದರೆ ಊರು ಹೊಟ್ಟೆ ಕೆಡುವಷ್ಟು ತಿನ್ನಬೇಕು ಎಂಬಷ್ಟು ಮಾತ್ರ ನನಗೆ ಈಗ ಖಚಿತವಾಗಿ ಗೊತ್ತು. ಭಾವ ಮಾತ್ರ ಸಾಲಿಗ್ರಾಮದಿಂದ ಸಿಕ್ಕಿದಷ್ಟು ಹೋಟೆಲಿನ ಎಣ್ಣೆಯನ್ನು ಡೀಸೆಲಿಗೆ ಸ್ವಲ್ಪ ಸ್ವಲ್ಪ ಬೆರೆಸುತ್ತಾರೆ. ಲಂಗರು ದೋಣಿಯಲ್ಲೇ ಇದೆ. ದೋಣಿಯ ಮೂತಿಗೆ ಒಂದು ಸಣ್ಣ ಬಾಟಲಿ ತೆಂಗಿನೆಣ್ಣೆ ಕಟ್ಟಿದ್ದಾರೆ. ಬೆಳಿಗ್ಗೆ ಅದು ಬಿಳಿಯಾಗಿದ್ದರೆ ಬೆರಕೆ ಎಣ್ಣೆ ಹಾಕುವುದಿಲ್ಲ, ಕರಗುವ ತನಕ ಕಾಯುತ್ತಾರೆ. ಅದನ್ನು ಕಟ್ಟಿದ್ದು ಅತ್ತೆ. ಹೊಸ ಎಣ್ಣೆ.

ಮೊನ್ನೆ ಭಾನುವಾರ ಅತ್ತೆಯೇ ಫೋನು ಮಾಡಿದ್ದರು. "ಮಗಾ, ಬಾಟ್ಲಿ ಕರ್ಗಿತ್ತ್. ಭಾವ ಹೊರ್ಟಿದ್ರ್. ನೀನೂ ಬತ್ತ್ಯಾ ಒಂದ್ ಸುತ್ತ್?"

ನಾನು ಕಿಟಕಿಯಾಚೆಯ ಬಿಸಿಲು ನೋಡಿದೆ. ಆಮೇಲೆ ಕೇಳಿದೆ, "ಗಂಜಿ ಬಿಸಿ ಇತ್ತಾ ಅತ್ತೆ?"